ಚಿಗರಿ, ನವಿಲು, ಮಂಗಟ್ಟೆ ಮತ್ತು ನಮ್ಮ ಹಿತ್ತಲ ಪಿಕಳಾರ

ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ಸಂಜೆ ಧಾರವಾಡದಲ್ಲಿ ಹಿಡಿದ ಮಳೆ ಬಿಡಲಿಲ್ಲ, ಕರೆಂಟೂ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದ ಬ್ಯಾಟರಿಯಲ್ಲೇ ಬೇಸಿಗೆಯ ಹಕ್ಕಿ-ಪ್ರಾಣಿ ಫೋಟೋಗಳನ್ನು ಆರಿಸಲು ಕೂತೆ. ಮಾರ್ಚಿನಿಂದ ಈಚೆಗೆ ತೆಗೆದದ್ದು ಮೂರು ಸಾವಿರದ ಹತ್ತಿರ. ಇಟ್ಟುಕೊಳ್ಳಬೇಕು ಅನಿಸಿದ್ದು 61. ಅದರಲ್ಲಿ ಹಿತ್ತಲಿನವು 34, ಬಂಕಾಪುರದವು 13, ದಾಂಡೇಲಿ ಕಡೆಯವು 9, ರಾಣೆಬೆನ್ನೂರಿನವು 3, ಮಾಗಡಿ ಕೆರೆಯವು 2. ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ಲೆಕ್ಕ ಕೇಳಿ ನಕ್ಕಳು. "ಇಷ್ಟ್ ಪೆಟ್ರೋಲ್ ಸುಟ್ಟು ಊರೂರು ತಿರಗಿದಿ. ಕಡೀಕ್ ನಾ ನೀರಿಟ್ಟ ತಾಟಿನ ಮುಂದಿನ ಹಕ್ಕೀನ ಬೇಕಾದ್ವು ನಿನಗ!"

ಮಾತು ಚುಚ್ಚಿದರೂ ಸುಳ್ಳಲ್ಲ. ಆದರೆ ಬರೀ ಎಣಿಕೆಯಿಂದ ತೀರ್ಪು ಕೊಟ್ಟರೆ ಮೋಸವಾಗುತ್ತದೆ.

ಮೊದಲು ಸಾಮಾನಿನ ಮಾತು. ನನ್ನದು ಲೆನ್ಸ್ ಬದಲಿಸಲಾಗದ ಸೂಪರ್‌ಜೂಮ್ ಕ್ಯಾಮೆರಾ. ದೂರದ್ದನ್ನೆಲ್ಲ ಮೂಗಿನ ತನಕ ಎಳೆದು ತರುತ್ತದೆ, ಆದರೆ ಬೆಳಕು ಹಿಡಿಯುವ ಸೆನ್ಸರ್ ಬೆರಳಿನ ಉಗುರಿನಷ್ಟು. ತಂಗಿಯ ಮಗನದು ಲೆನ್ಸ್ ಬದಲಿಸಬಹುದಾದ, ದೊಡ್ಡ ಸೆನ್ಸರಿನ ಹಳೆಯ ಡಿಎಸ್‌ಎಲ್‌ಆರ್, 70-300 ಮಿ.ಮೀ. ಲೆನ್ಸು. ಎಲ್ಲ ಕಡೆಗೂ ಎರಡನ್ನೂ ಒಯ್ದಿದ್ದೆವು.

ಮಾಗಡಿ ಕೆರೆಯನ್ನು ಬೇಗ ಮುಗಿಸಿಬಿಡುತ್ತೇನೆ. ಗದಗ ಜಿಲ್ಲೆಯ ಈ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಟಿಬೆಟ್, ಲಡಾಖ್, ಮಂಗೋಲಿಯಾ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ನಾವು ಹೋದದ್ದು ಮಾರ್ಚ್ ಕೊನೆಯ ಭಾನುವಾರ. ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದಂತೆ! ಕೆರೆ ಅಂಚಿನಲ್ಲಿ ಬೆಳ್ಳಕ್ಕಿಗಳು, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು, ಅಷ್ಟೇ. ತಪ್ಪು ಕೆರೆಯದಲ್ಲ, ನನ್ನ ಕ್ಯಾಲೆಂಡರಿನದು.

ರಾಣೆಬೆನ್ನೂರಿನ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದೆ. ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವಳು ನಾನು. ಬಸ್ಸಿನ ಮೇಲಿನ ಹೆಸರನ್ನು ನೋಡಿ ನೋಡಿ, ಜೀವಂತ ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕೆನ್ನುವ ಹುಚ್ಚು ಹಿಡಿದಿತ್ತು. 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿ.ಮೀ. ಒಂದು ಕಾಲಕ್ಕೆ ಎರೆಭೂತ ಎಂಬ ದೊಡ್ಡ ಬಯಲುಹಕ್ಕಿಗಳೂ ಇದ್ದ ನೆಲ. ಏಪ್ರಿಲ್ ಮಧ್ಯದಲ್ಲಿ ಬೆಳಗಿನ ನಾಲ್ಕಕ್ಕೇ ಮನೆ ಬಿಟ್ಟೆವು. ಚಿಗರಿಗಳು ಕಂಡವೇ? ಕಂಡವು, ಹಿಂಡು ಹಿಂಡಾಗಿ. ನೀಲಗಿರಿ ತೋಪಿನ ಅಂಚಿನಿಂದ ಬಯಲಿಗೆ ಇಳಿದು, ಒಂದು ಜಿಗಿದರೆ ಹಿಂದಿನದೂ ಜಿಗಿಯುತ್ತ ದಾಟಿದವು. ಆ ಜಿಗಿತ ನೋಡಿದಾಗ ನಿದ್ದೆಗೆಟ್ಟ ಬೇಸರ ಹಾರಿಹೋಯಿತು. ಫೋಟೋ ಮಾತ್ರ ಹಾಳು.

ಕಾರಣ ಎರಡು. ಗಂಡು ಚಿಗರಿಯ ಆ ಕಡುಗಪ್ಪು ಬಣ್ಣ ಬೇಸಿಗೆಯಲ್ಲಿ ಮಾಸಿ ಕಂದಾಗುತ್ತದೆ. ಮಳೆಗಾಲ ಕಳೆದ ಮೇಲೆ ಅದರ ಮಿರುಗು ನೋಡಬೇಕು. ಕೊಂಬಿನ ತಿರುಚು ಇರದಿದ್ದರೆ ದೂರದಿಂದ ಗಂಡು ಯಾವುದು, ಹೆಣ್ಣು ಯಾವುದು ಎಂದು ಗೊತ್ತೇ ಆಗುತ್ತಿರಲಿಲ್ಲ. ಎರಡನೆಯದು ಬಿಸಿಲ ಝಳ. ಎಂಟೂವರೆಗೆಲ್ಲ ನೆಲ ಕಾದು ಗಾಳಿ ನಡುಗತೊಡಗಿತು. ಅಂಥ ಗಾಳಿಯಲ್ಲಿ ನನ್ನ ಜೂಮ್ ಎಷ್ಟು ದೂರ ಹೋದರೆ ಅಷ್ಟೂ ನಷ್ಟವೇ. ಚಿಗರಿಯ ಜೊತೆಗೆ ನಡುವಿನ ಅಷ್ಟೂ ಝಳವನ್ನು ದೊಡ್ಡದು ಮಾಡಿ ಕೊಡುತ್ತದೆ. ಕಾಲುಗಳೆಲ್ಲ ನೀರಿನಲ್ಲಿ ಕಾಣುವ ಹಾಗೆ ಕದಡಿದ್ದವು. ಎಷ್ಟು ದುಬಾರಿ ಲೆನ್ಸಿದ್ದರೂ ಇದಕ್ಕೆ ಮದ್ದಿಲ್ಲ. ಉಳಿದ ಮೂರು ಫೋಟೋ ಸೂರ್ಯ ಹುಟ್ಟಿದ ಮೊದಲ ಅರ್ಧ ತಾಸಿನವು, ಅವೂ ಪ್ರಾಣಿ ಚಿಕ್ಕದಾಗಿ ಬಯಲು ದೊಡ್ಡದಾಗಿ ಇರುವಂಥವು.

ದಾಂಡೇಲಿಯಲ್ಲಿ ತದ್ವಿರುದ್ಧ ಕಷ್ಟ. ಅಲ್ಲಿ ಝಳವಿಲ್ಲ, ಬೆಳಕೂ ಇಲ್ಲ. ಬೇಸಿಗೆಗೆ ಹೊಂದುವ ಕಾಡು ನಿಜ. ಇದು ಭಾರಿ ಕೊಕ್ಕಿನ ಮಂಗಟ್ಟೆ (ಹಾರ್ನ್‌ಬಿಲ್) ಮರಿ ಮಾಡುವ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡು ಕೊಕ್ಕಿನಷ್ಟು ಸೀಳು ಬಿಟ್ಟಿರುತ್ತದೆ. ಗಂಡು ಗಂಟಲ ತುಂಬ ಹಣ್ಣು ತಂದು ಒಂದೊಂದಾಗಿ ದಾಟಿಸುತ್ತದೆ. ನಾವು ಗೂಡಿನ ಗೋಜಿಗೆ ಹೋಗಲಿಲ್ಲ. ಹಣ್ಣು ಬಿಟ್ಟ ಆಲದ ಕೆಳಗೆ ದೂರದಲ್ಲಿ ಕೂತೆವು. ದೊಡ್ಡ ಮಂಗಟ್ಟೆ ಹಾರಿ ಬರುವಾಗ ರೆಕ್ಕೆಯ ಸಪ್ಪಳ ಮೊದಲು ಕೇಳುತ್ತದೆ, ಹಳೆಯ ರೈಲು ಉಸಿರು ಬಿಟ್ಟ ಹಾಗೆ. ನನ್ನ ಕ್ಯಾಮೆರಾದ ಸಣ್ಣ ಸೆನ್ಸರಿಗೆ ಆ ಮಬ್ಬು ತಡೆಯಲಿಲ್ಲ. ಮಬ್ಬಿನಲ್ಲಿ ಬೆಳಕು ಹೆಚ್ಚಿಸಿಕೊಳ್ಳುವ ಐಎಸ್‌ಒ ಅನ್ನು 3200ಕ್ಕೆ ಏರಿಸಿದರೆ ಹಕ್ಕಿ ರವೆಯಲ್ಲಿ ಹೊರಳಿದಂತೆ ಬಂತು. ಉಳಿದ ಒಂಬತ್ತೂ ಹುಡುಗನ ಡಿಎಸ್‌ಎಲ್‌ಆರ್‌ನವು.

ಆದರೂ ದಾಂಡೇಲಿಗೆ ಹೋದ ದುಡ್ಡು ನನಗೆ ಬೇರೆ ರೀತಿಯಲ್ಲಿ ಹುಟ್ಟಿತು. ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸ್, ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ. ಈಗ ಅಲ್ಲಿ ಹಕ್ಕಿಗಳಿಗಾಗಿ ಚಿಕ್ಕ ಚಿಕ್ಕ ನೀರಿನ ತಾಣ ಮಾಡಿದ್ದಾರೆ. ಪಕ್ಕದಲ್ಲಿ ಒಣ ಟೊಂಗೆ, ಪಾಚಿ ಹಿಡಿದ ಕೊರಡು. ಹಕ್ಕಿ ಮೊದಲು ಟೊಂಗೆ ಮೇಲೆ ಕೂತು ಆಚೀಚೆ ನೋಡುತ್ತದೆ, ಆಮೇಲೆ ನೀರಿಗೆ ಇಳಿಯುತ್ತದೆ. ಫೋಟೋ ಆಗುವುದು ಆ ಟೊಂಗೆಯ ಮೇಲೆ. ಕೆಂಪು ಗಂಟಲಿನ ಹಳದಿ ಪಿಕಳಾರ (ಬುಲ್‌ಬುಲ್) ನೋಡುತ್ತ ಕೂತವಳಿಗೆ, ಅವ್ವ ಪೇರಲ ಗಿಡದ ಬುಡದಲ್ಲಿ ಇಡುವ ನೀರು ನೆನಪಾಯಿತು.

ಮನೆಗೆ ಬಂದು ಆದದ್ದು ಇಷ್ಟು. ಕುಂಡದ ಕೆಳಗಿಡುವ ಅಗಲದ ಮಣ್ಣಿನ ತಾಟು, ಎರಡು ಬೆರಳಿನಷ್ಟೇ ನೀರು, ನಡುವೆ ಒಂದು ಒರಟು ಕಲ್ಲು. ನೆಲದಿಂದ ಎತ್ತಿ ಹಳೆಯ ಒರಳುಕಲ್ಲಿನ ಮೇಲಿಟ್ಟೆವು, ಸುತ್ತ ಎರಡು ಮಾರು ಬಯಲು ಬಿಟ್ಟೆವು. ಬೆಕ್ಕು ಅವಿತು ಕೂರಲು ಗಿಡಗಂಟಿ ಇರಬಾರದು. ದಿನಾ ನೀರು ಚೆಲ್ಲಿ ತೆಂಗಿನ ನಾರಿನಿಂದ ತಿಕ್ಕಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಪಕ್ಕಕ್ಕೆ ಒಂದು ಒಣ ಬೇವಿನ ಟೊಂಗೆ ನೆಟ್ಟೆ. ಅಡುಗೆಮನೆ ಕಿಟಕಿಯ ಸರಳಿಗೆ ಅವ್ವನ ಹಳೆಯ ಇಳಕಲ್ ಸೀರೆ ಕಟ್ಟಿ, ಹರಿದಿದ್ದ ಕಡೆಯಿಂದಲೇ ಲೆನ್ಸು ಹೊರಗೆ ಚಾಚಿದೆ. "ಹರದದ್ದರ ಏನಾತು, ನನ್ನ ತವರಮನಿ ಸೀರಿ ಅದು" ಎಂದು ಎರಡು ದಿನ ಮಾತು ಬಿಟ್ಟಳು.

ದೂರ ನಾಲ್ಕು ಮೀಟರ್. ಇಲ್ಲಿ ಝಳಕ್ಕೆ ಜಾಗವೇ ಇಲ್ಲ, ಏಳರಿಂದ ಎಂಟೂವರೆ ತನಕ ಬೆಳಕಿಗೆ ಬರವಿಲ್ಲ. ಪಿಕಳಾರಗಳದ್ದೇ ದರ್ಬಾರು, ಜೋಡಿಯಾಗಿ ಬಂದು ತಾಟನ್ನೇ ಬರಿದು ಮಾಡುವಷ್ಟು ಮೀಯುತ್ತವೆ. ಮಡಿವಾಳ ಹಕ್ಕಿ ಒಂದೇ ಬರುತ್ತದೆ, ಬೇರೆಯವರನ್ನು ಓಡಿಸುತ್ತದೆ. ಕೋಗಿಲೆ ಹೆಣ್ಣು, ಮೈತುಂಬ ಚುಕ್ಕೆ, ಗೋಡೆಯ ಮೇಲೆ ಕಾಗೆಗಳಿವೆಯೇ ಎಂದು ನೋಡಿ ನೋಡಿ ಇಳಿಯಿತು. ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವವಳಿಗೆ ಆ ಅಳುಕು ಇರಬೇಕಾದದ್ದೇ. ಒಂದು ಮಧ್ಯಾಹ್ನ ಮುಂಗುಸಿ ಬಂದು ಎರಡು ಕಾಲ ಮೇಲೆ ನಿಂತು ಕುಡಿಯಿತು. ಏಪ್ರಿಲ್‌ನಲ್ಲಿ ಒಂದೇ ಒಂದು ದಿನ ರಾಜಹಕ್ಕಿ, ಬಿಳಿ ರಿಬ್ಬನ್ನಿನಂಥ ಬಾಲದ ಗಂಡು, ಟೊಂಗೆಯಿಂದ ನೀರಿಗೆ ಧುಮುಕಿ ಮತ್ತೆ ಟೊಂಗೆಗೆ, ಮೂರು ಸಲ. ನನ್ನ ಕೈ ನಡುಗಿ ಮೂರರಲ್ಲಿ ಎರಡು ಕೆಟ್ಟವು. ಉಳಿದ ಒಂದು ಈ ಬೇಸಿಗೆಯ ಅತ್ಯುತ್ತಮ ಫೋಟೋ. ಪೆಟ್ರೋಲಿನ ಖರ್ಚು ಸೊನ್ನೆ.

ಹಿತ್ತಲಿನ ಕೊರತೆಯೆಂದರೆ ಹಿನ್ನೆಲೆ. ಎಷ್ಟು ಕೋನ ಬದಲಿಸಿದರೂ ನೀರಿನ ಟ್ಯಾಂಕಿನ ಪೈಪು ಮೂಲೆಯಲ್ಲಿ ಹಣಿಕುತ್ತದೆ. ಮೈನವಿರೇಳುವ ದೊಡ್ಡ ನೋಟವೂ ಇಲ್ಲಿಲ್ಲ. ಅದಕ್ಕೆ ಬಂಕಾಪುರವೇ ಸರಿ.

ಧಾರವಾಡದಿಂದ ಸುಮಾರು 75 ಕಿ.ಮೀ., ಹಾವೇರಿಗೆ ಹೋಗುವ ಹೆದ್ದಾರಿಯಿಂದ ಒಳಗೆ ತಿರುಗಬೇಕು. ಹಳೆಯ ಕೋಟೆಯೊಳಗಿನ 139 ಎಕರೆಗೆ 2006ರಲ್ಲಿ ನವಿಲುಧಾಮದ ಹೆಸರು ಬಂತು. ಮೇ ಕೊನೆಯಲ್ಲಿ, ಅಡ್ಡಮಳೆ ಬಿದ್ದ ಮರುದಿನ ಬೆಳಿಗ್ಗೆ ಹೋದೆವು. ಆ ಲೆಕ್ಕ ಸರಿಯಾಗಿತ್ತು. ಗಂಡುಗಳಿಗೆ ಬಾಲ ಪೂರ್ತಿ ಬಂದಿರುವ ಕಾಲ ಅದು. ಮಳೆಗಾಲ ಮುಗಿಯುವ ಹೊತ್ತಿಗೆ ಗರಿ ಉದುರಿಸಿ ಬೋಳಾಗುತ್ತವೆ. ಮೋಡ ಮುಚ್ಚಿತ್ತು, ಅದೂ ಅದೃಷ್ಟವೇ. ನವಿಲಿನ ನೀಲಿ ಎನ್ನುವುದು ಬಣ್ಣದ ಪುಡಿಯಲ್ಲ, ಗರಿಯ ರಚನೆಯಲ್ಲಿ ಬೆಳಕು ಆಡುವ ಆಟ. ನೇರ ಬಿಸಿಲಿನಲ್ಲಿ ಥಳಥಳ ಹೊಳೆದು ಅಲ್ಲಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ, ಮೋಡದ ಬೆಳಕಿನಲ್ಲಿ ಹಸಿರು ಬೇರೆ ನೀಲಿ ಬೇರೆ ಕಾಣುತ್ತದೆ. ಅರವತ್ತು ಕಂಬದ ನಗರೇಶ್ವರ ಗುಡಿ ನೋಡಿಕೊಂಡು ಬರುವಾಗ ಜಾಲಿಗಂಟಿಯಾಚೆ ಒಂದು ಗರಿ ಬಿಚ್ಚಿತು. ನಮಗೆ ಸಿಕ್ಕಿದ್ದು ಬೆನ್ನು. ಹುಡುಗ ಓಡಿ ಮುಂದೆ ಹೋಗಲು ನೋಡಿದ, ಹಿಡಿದು ಕೂರಿಸಿದೆ. ಹತ್ತು ನಿಮಿಷ ಬಿಟ್ಟು ಅದೇ ತಿರುಗಿತು, ಹೆಣ್ಣು ಆ ಕಡೆಯಿಂದ ಈ ಕಡೆಗೆ ನಡೆದದ್ದರಿಂದ. ಅಲ್ಲಿ 300 ಮಿ.ಮೀ. ಸಾಕಾಯಿತು, ನನ್ನ ಜೂಮ್ ಚೀಲದಿಂದ ಹೊರಗೆ ಬರಲಿಲ್ಲ.

ಒಂದೇ ದಿನದ ಬಿಡುವು ಇದ್ದವರಿಗೆ ಬೇಸಿಗೆಯಲ್ಲಿ ನಾನು ಹೇಳುವುದು ಬಂಕಾಪುರ, ಅದೂ ಮಳೆ ಬಿದ್ದ ಮರುದಿನ. ದಾಂಡೇಲಿಗೆ ಕ್ಯಾಮೆರಾಕ್ಕಿಂತ ದುರ್ಬೀನು ಒಯ್ಯಿರಿ. ನಾನಂತೂ ರಾಣೆಬೆನ್ನೂರಿಗೆ ದೀಪಾವಳಿಯ ಹೊತ್ತಿಗೆ ಮತ್ತೆ ಹೋಗುವವಳು, ಚಿಗರಿ ಕಪ್ಪಾಗಿರುತ್ತದೆ. ಮಾಗಡಿಗೆ ಡಿಸೆಂಬರಿನಲ್ಲಿ. ಹಿತ್ತಲ ತಾಟಿನಲ್ಲಿ ಈಗ ಮಳೆನೀರೇ ತುಂಬಿದೆ, ಅದನ್ನು ಬೋರಲು ಹಾಕಿದ್ದೇವೆ. ಸೀರೆಯನ್ನು ಅವ್ವ ಒಗೆದು, ಮಡಚಿ, ಟ್ರಂಕಿನಲ್ಲಿಟ್ಟು ಕೀಲಿ ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ.