ಹೊಟ್ಟು ಸುಟ್ಟ ಹಲ್ಲುಪುಡಿ ತರುವ ಮುಂಚೆ ಇದನ್ನೊಮ್ಮೆ ಓದಿ

ಭತ್ತದ ಹೊಟ್ಟು ಸುಟ್ಟ ಕರಿ, ಕಲ್ಲುಪ್ಪು, ಒಣಗಿಸಿದ ನಿಂಬೆ. ಇವನ್ನು ಸೇರಿಸಿ ಪುಡಿ ಮಾಡಿದ ಹಲ್ಲುಪುಡಿಯನ್ನು ನಮ್ಮ ಕಡೆಯ ಸಾವಯವ ಸಂತೆಗಳಲ್ಲಿ ನೀವೂ ನೋಡಿರಬಹುದು. ಗಾಜಿನ ಬಾಟಲಿ, ಕತ್ತಿಗೆ ಸೆಣಬಿನ ದಾರ, ಮೇಲೆ ‘ರಾಸಾಯನಿಕ ಇಲ್ಲ, ಪ್ಲಾಸ್ಟಿಕ್ ಇಲ್ಲ’ ಎಂಬ ಚೀಟಿ. ನಮ್ಮ ಮನೆಯಲ್ಲಿ ಅದನ್ನು ಬಳಸಿ ಅತ್ತೆಯ ಹಲ್ಲಿನ ಬುಡ ಸವೆದಿದೆ. ಮಗನ ದವಡೆ ಹಲ್ಲು ಹುಳುಕಾಗಿದೆ. ಸವೆದಿದ್ದು ಮತ್ತೆ ಬೆಳೆಯುವುದಿಲ್ಲ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಇಲ್ಲಿ ಕಸದ ಗಾಡಿ ಮನೆ ಬಾಗಿಲಿಗೆ ಬರುವುದಿಲ್ಲ. ಖಾಲಿ ಪೇಸ್ಟ್ ಟ್ಯೂಬು, ಹಳೇ ಬ್ರಷ್ಷು ಎಲ್ಲ ಹೋಗುವುದು ಬಚ್ಚಲ ಒಲೆಗೆ. ಆ ಹೊಗೆಯನ್ನು ನಾವೇ ಕುಡಿಯಬೇಕು, ಆ ಬೂದಿ ತೋಟಕ್ಕೇ ಬೀಳಬೇಕು. ಎಷ್ಟೋ ಟ್ಯೂಬುಗಳಲ್ಲಿ ಪ್ಲಾಸ್ಟಿಕ್ ಜೊತೆ ಅಲ್ಯೂಮಿನಿಯಂ ಪದರವೂ ಅಂಟಿಕೊಂಡಿರುತ್ತದೆ, ಹಾಗಾಗಿ ಗುಜರಿಯವನೂ ತಗೊಳ್ಳುವುದಿಲ್ಲ. ಇದನ್ನು ಕಡಿಮೆ ಮಾಡಬೇಕು ಅನ್ನುವ ಆಸೆ ಸರಿಯಾದದ್ದೇ. ಇವತ್ತಿಗೂ ಹಾಗೇ ನಂಬಿದ್ದೇನೆ. ಆ ಆಸೆಯನ್ನು ನೋಡಿಕೊಂಡು ಏನನ್ನೋ ಬಾಟಲಿಗೆ ತುಂಬಿ ಮಾರುವವರ ಮೇಲೆ ನನ್ನ ಸಿಟ್ಟು.

ಮೊದಲು ತೊಂದರೆ ಕಾಣಿಸಿದ್ದು ಅತ್ತೆಗೆ. ತಣ್ಣೀರು ಬಾಯಿಗೆ ಹಾಕಿದರೆ ಜುಮ್ ಅನ್ನುತ್ತಿತ್ತು. ಆಮೇಲಾಮೇಲೆ ಬೆಳಗಿನ ಚಳಿಗಾಳಿ ತಾಗಿದರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ವಯಸ್ಸಾಯ್ತಲ್ಲ ಅಂತ ಅವರೂ ಸುಮ್ಮನಿದ್ದರು. ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರು ಕನ್ನಡಿ ಹಿಡಿದು ತೋರಿಸಿದಾಗ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಮರದ ಬುಡಕ್ಕೆ ಕತ್ತಿ ಏಟು ಬಿದ್ದ ಹಾಗೆ, ಒಸಡಿನ ಪಕ್ಕದಲ್ಲೇ ಹಲ್ಲಿಗೆ ಅಡ್ಡಡ್ಡ ಗೀರು. ಸಾಲಾಗಿ ಅಷ್ಟೂ ಹಲ್ಲಿಗೆ.

ಡಾಕ್ಟರು ವಿವರಿಸಿದ್ದು ಹೀಗೆ. ಹೊಟ್ಟು ಸುಟ್ಟು ಬರುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವೇ. ಜೋರು ಬೆಂಕಿಯಲ್ಲಿ ಬೆಂದರೆ ಅದು ಹರಳುಗಟ್ಟಿ ಹಲ್ಲಿಗಿಂತ ಗಟ್ಟಿಯಾಗುತ್ತದೆ. ಹಲ್ಲಿನ ಮೇಲಿನ ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ಪದಾರ್ಥ ನಿಜ, ಆದರೆ ಅದರಲ್ಲಿ ಜೀವಕೋಶ ಇಲ್ಲ. ಚರ್ಮದ ಹಾಗೆ ಮತ್ತೆ ಬೆಳೆಯುವುದಿಲ್ಲ. ವಯಸ್ಸಾದವರಿಗೆ ಒಸಡು ಕೆಳಗೆ ಜಾರಿ ಹಲ್ಲಿನ ಬೇರು ಹೊರಗೆ ಕಾಣುತ್ತಿರುತ್ತದೆ. ಅಲ್ಲಿ ಎನಾಮಲ್ ಇರುವುದಿಲ್ಲ, ಮೆತ್ತಗಿನ ಭಾಗ. ಆ ಪುಡಿ ಹಾಕಿ ಉಜ್ಜಿದರೆ ಅದೇ ಮೊದಲು ಸವೆಯುವುದು. ಇನ್ನು ನಿಂಬೆ. ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ನಿಂಬೆ ರಸದ ಪಿಎಚ್ 2ರ ಆಸುಪಾಸು. ಹುಳಿ ತಾಗಿಸಿ ಹಲ್ಲನ್ನು ಮೆತ್ತಗೆ ಮಾಡಿ, ಅದರ ಮೇಲೇ ಒರಟು ಪುಡಿ ಉಜ್ಜುವುದು. ಆ ಬಾಟಲಿ ಮಾಡುವ ಕೆಲಸ ಇಷ್ಟೇ.

ಈ ಮಾತು ತೆಗೆದ ಕೂಡಲೇ ‘ನಮ್ಮಜ್ಜ ಇದ್ದಿಲಲ್ಲೇ ತಿಕ್ಕುತ್ತಿದ್ದರು, ಅವರಿಗೇನಾಗಿತ್ತು?’ ಅನ್ನುತ್ತಾರೆ. ಅಜ್ಜ ತಿಕ್ಕುತ್ತಿದ್ದುದು ಬೆರಳಲ್ಲಿ. ಬ್ರಷ್ಷಿನ ಎಳೆ ಪುಡಿಯನ್ನು ಹಲ್ಲಿನ ಬುಡದ ಸಂದಿಗೆ ಒತ್ತಿ ಉಜ್ಜುವ ಹಾಗೆ ಬೆರಳು ಉಜ್ಜುವುದಿಲ್ಲ. ಅಷ್ಟೇ ಅಲ್ಲ, ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಬೊಚ್ಚುಬಾಯಲ್ಲೇ ಕೊನೆಯ ವರ್ಷಗಳನ್ನು ಕಳೆದರು ಅಲ್ವಾ? ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದು ಯಾಕೆ?

ಮಗನ ವಿಷಯ ಬೇರೆ. ಅವನಿಗೆ ಸವೆತಕ್ಕಿಂತ ಹುಳುಕು. ಆರು ವರ್ಷದ ಹೊತ್ತಿಗೆ ಹಾಲುಹಲ್ಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನೂ ಬೀಳುವ ಹಲ್ಲು ಅಂದುಕೊಳ್ಳುತ್ತಾರೆ. ಅದು ಬೀಳುವುದಿಲ್ಲ, ಜೀವಮಾನಕ್ಕೆಲ್ಲ ಅದೊಂದೇ. ನಮ್ಮ ಮಕ್ಕಳಿಗೆ ದೋಸೆಗೆ ಜೋನಿಬೆಲ್ಲ ಬೇಕೇ ಬೇಕು, ಅದು ಹಲ್ಲಿನ ಗುಳಿಯಲ್ಲಿ ಅಂಟಿ ಕೂರುತ್ತದೆ. ಅದರಿಂದ ಹುಟ್ಟುವ ಹುಳಿ ಹಲ್ಲನ್ನು ಕೊರೆಯದಂತೆ ತಡೆಯುವುದು, ಆಗಷ್ಟೇ ಮೆತ್ತಗಾದ ಜಾಗವನ್ನು ಮತ್ತೆ ಗಟ್ಟಿ ಮಾಡುವುದು ಫ್ಲೋರೈಡ್. ಆ ಪುಡಿಯಲ್ಲಿ ಅದು ಇರಲಿಲ್ಲ. ‘ಫ್ಲೋರೈಡ್ ವಿಷ, ಅದಕ್ಕೇ ಹಾಕಿಲ್ಲ’ ಅಂತ ಮಾರುವವರು ಹೆಮ್ಮೆಯಿಂದ ಹೇಳಿದ್ದರು.

ಫ್ಲೋರೈಡ್ ಭಯ ಹುಟ್ಟಿದ್ದು ಸುಮ್ನೆ ಅಲ್ಲ. ಪಾವಗಡ, ಕೋಲಾರ, ರಾಯಚೂರು ಕಡೆ ಆಳದ ಕೊಳವೆ ಬಾವಿ ನೀರಿನಲ್ಲಿ ಅದು ಜಾಸ್ತಿ ಇದ್ದು, ಹಲ್ಲು ಕಂದಾಗಿ ಮೂಳೆ ಬಾಗಿದ ಜನ ಇದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇರುವುದು ಅದಕ್ಕೇ. ಆದರೆ ಅದು ವರ್ಷಗಟ್ಟಲೆ ಕುಡಿದ ನೀರಿನ ಮಾತು, ಉಜ್ಜಿ ಉಗಿಯುವ ಪೇಸ್ಟಿನದ್ದಲ್ಲ. ನಮ್ಮ ದೇಶದಲ್ಲಿ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ, ಮೀರುವಂತಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಉಗಿಯುವುದನ್ನು ಕಲಿಸಬೇಕು. ಉಜ್ಜಿದ ಮೇಲೆ ಗಳಗಳ ಬಾಯಿ ಮುಕ್ಕಳಿಸಿದರೆ ಉಳಿಯಬೇಕಾದದ್ದೂ ತೊಳೆದು ಹೋಗುತ್ತದೆ. ಸುಮ್ನೆ ಉಗಿದರೆ ಸಾಕು.

ಆ ಪುಡಿ ಮಾರಿದವರೇ ಹಲ್ಲುನೋವಿಗೆ ಅಂತ ಲವಂಗದ ಎಣ್ಣೆಯ ಪುಟ್ಟ ಶೀಷೆಯನ್ನೂ ಕೊಟ್ಟಿದ್ದರು. ಬೆರೆಸದೆ ಹಚ್ಚಿದ್ದಕ್ಕೆ ಮಗನ ಒಸಡು ಬೆಳ್ಳಗಾಗಿ ಸುಲಿಯಿತು. ಅದರಲ್ಲಿರುವ ಯೂಜೆನಾಲ್ ನೋವು ಮರೆಸುತ್ತದೆ, ಹಾಗೇ ಹಚ್ಚಿದರೆ ಸುಡುತ್ತದೆ. ಮಕ್ಕಳ ಕೈಗೆ ಆ ಶೀಷೆ ಸಿಗಲೇಬಾರದು, ಹೊಟ್ಟೆಗೆ ಹೋದರೆ ಅಪಾಯ.

ಇನ್ನೊಂದು. ಮಳೆಗಾಲದಲ್ಲಿ ಆ ಪುಡಿ ನೀರು ಎಳೆದು ಗಟ್ಟಿಯಾಯಿತು. ಮನೆಮಂದಿ ಎಲ್ಲ ಒದ್ದೆ ಬ್ರಷ್ಷನ್ನು ಒಂದೇ ಬಾಟಲಿಗೆ ಅದ್ದುವುದು, ಒಬ್ಬರ ಬಾಯಿಯದು ಇನ್ನೊಬ್ಬರಿಗೆ. ಪುಡಿ ಬಳಸುವವರು ಇದನ್ನಾದರೂ ನಿಲ್ಲಿಸಿ, ಅಂಗೈಗೆ ಸುರಿದುಕೊಳ್ಳಿ.

ಬಿದಿರಿನ ಬ್ರಷ್ಷು ನಮ್ಮಲ್ಲಿ ಈಗಲೂ ಇದೆ. ಅದರಿಂದ ತೊಂದರೆ ಆಗಿಲ್ಲ, ಆದರೆ ಇಲ್ಲಿಯ ಮಳೆಗೆ ತಕ್ಕ ಹಾಗೆ ಇಟ್ಟುಕೊಳ್ಳಬೇಕು. ಲೋಟದಲ್ಲಿ ನಿಲ್ಲಿಸಿದರೆ ಬುಡ ಕಪ್ಪಗೆ ಬೂಸ್ಟು ಹಿಡಿಯುತ್ತದೆ. ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಗೆ ತಲೆಕೆಳಗಾಗಿ ನೇತು ಹಾಕಿ. ಹೆಚ್ಚಿನವುಗಳ ಎಳೆ ನೈಲಾನ್, ಗೊಬ್ಬರದ ಗುಂಡಿಗೆ ಹಾಕುವ ಮುಂಚೆ ಇಕ್ಕಳದಲ್ಲಿ ಕಿತ್ತು ಬೇರೆ ಇಡಿ. ‘ಎಳೆಯೂ ಪೂರ್ತಿ ಮಣ್ಣಾಗುತ್ತದೆ’ ಅಂತ ಬರೆದಿದ್ದರೆ ಅದು ಹಂದಿಯ ಕೂದಲು ಇರಬಹುದು, ಸಸ್ಯಾಹಾರಿ ಮನೆಯವರು ಕೇಳಿ ತಗೊಳ್ಳಿ. ನಾಲಿಗೆಗೆ ಸ್ಟೀಲಿನ ಪಟ್ಟಿ, ಬಾಯಿ ಮುಕ್ಕಳಿಸಲು ಬಾಟಲಿಯಲ್ಲಿ ಬರುವ ಮೌತ್‌ವಾಶ್ ಬದಲು ಉಪ್ಪುನೀರು. ಪೇಸ್ಟ್ ಮಾತ್ರ ಫ್ಲೋರೈಡ್ ಇರುವುದೇ, ದೊಡ್ಡ ಟ್ಯೂಬು ತಂದು ಕೊನೆಗೆ ಕತ್ತರಿಸಿ ಪೂರ್ತಿ ಬಳಸುತ್ತೇವೆ. ಕಸ ಮೊದಲಿಗಿಂತ ಕಡಿಮೆಯಾಗಿದೆ, ಯಾರ ಹಲ್ಲಿಗೂ ಏಟಾಗಿಲ್ಲ. ಅಪ್ಪೆಹುಳಿ, ಪುನರ್ಪುಳಿ ಕುಡಿದ ಕೂಡಲೇ ಉಜ್ಜುವುದನ್ನೂ ಬಿಟ್ಟಿದ್ದೇವೆ, ಅರ್ಧ ಗಂಟೆ ತಡೆಯುತ್ತೇವೆ.

ಯಾವ ಹಲ್ಲುಪುಡಿ ಕೊಳ್ಳುವುದಾದರೂ ಬಾಟಲಿ ತಿರುಗಿಸಿ ನೋಡಿ. ಏನೇನು ಹಾಕಿದ್ದಾರೆ, ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಷ್ಟು ದಿನ ಬಳಸಬಹುದು, ಇದೆಲ್ಲ ಇರಲೇಬೇಕು. ಮನೆಯಲ್ಲೇ ಮಾಡಿ ಮಾರುವವರಿಗೂ ಕಾನೂನು ಇದೇ. ಹೊಗೆಸೊಪ್ಪು ಬೆರೆಸುವುದನ್ನಂತೂ 1992ರಲ್ಲೇ ನಿಷೇಧಿಸಿದ್ದಾರೆ. ಪುಡಿ ಉಜ್ಜಿದ ಮೇಲೆ ತಲೆ ತಿರುಗಿದರೆ, ಅದಿಲ್ಲದೆ ಬೆಳಗ್ಗೆ ಚಡಪಡಿಕೆಯಾದರೆ, ಅನುಮಾನಪಡಿ. ನಮ್ಮ ಬಾಟಲಿಯ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಒಂದೂ ಇರಲಿಲ್ಲ. ಅಂಥ ಬಾಟಲಿ ನಿಮ್ಮ ಮನೆಯಲ್ಲಿದ್ದರೆ ಎಸೆಯಬೇಡಿ. ಚೀಟಿ ಸಮೇತ ಫೋಟೋ ತೆಗೆದು ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಕೊಡಿ, ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ.