ಕೆಸರಿಗೆ ಯಾವ ವ್ಯೂಹ? 4-3-3, 3-5-2, 4-4-2 ಮೂರನ್ನೂ ಆಡಿಸಿ ನೋಡಿದ ಮೇಲೆ

ಕೇರಂನಲ್ಲಿ ಬಿಳಿ ಕಾಯಿ 9, ಕಪ್ಪು ಕಾಯಿ 9. ಫುಟ್‌ಬಾಲ್ ತಂಡಕ್ಕೆ 11 ಬೇಕು. ಹಾಗಾಗಿ ಮೂರು ವಾರಗಳಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಗೋಲ್‌ಕೀಪರ್ ಆಗಿ ಕೆಂಪು ಕಾಯಿ ನಿಂತಿದೆ, ಉಳಿದ ಕೊರತೆಯನ್ನು ಅಂಗಿಯ ಗುಂಡಿಗಳು ತುಂಬಿವೆ. ಬರುವ ಭಾನುವಾರ ನಮ್ಮ ತಂಡದ ಕ್ವಾರ್ಟರ್ ಫೈನಲ್. ಸೋತರೆ ಮನೆಗೆ. ಅರ್ಧಕ್ಕೆ 35 ನಿಮಿಷ, ಸಮವಾದರೆ ಹೆಚ್ಚುವರಿ ಸಮಯವಿಲ್ಲ, ನೇರ ಪೆನಾಲ್ಟಿ ಟೈಬ್ರೇಕರ್. ಊರು ಮಂಗಳೂರು, ತಿಂಗಳು ಆಗಸ್ಟ್. ಮೈದಾನ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊಣಕಾಲು ಕೈಕೊಡುವವರೆಗೆ ನಾನು ಈ ತಂಡದ ರೈಟ್ ಬ್ಯಾಕ್. ಈಗ ಪಟ್ಟಿ ಬರೆಯುವ ಕೆಲಸ ನನ್ನದು. ಮೂರು ಭಾನುವಾರ ಮೂರು ಅಭ್ಯಾಸ ಪಂದ್ಯ ಗೊತ್ತುಮಾಡಿ, ಒಂದೊಂದರಲ್ಲಿ ಒಂದೊಂದು ವ್ಯೂಹ ಆಡಿಸಿದೆ. ವ್ಯೂಹದ ಅಂಕಿಗಳು ಹಿಂದಿನಿಂದ ಮುಂದಕ್ಕೆ ಲೆಕ್ಕ: ರಕ್ಷಿಸುವ ಬ್ಯಾಕ್‌ಗಳು, ನಡುವಿನ ಮಿಡ್‌ಫೀಲ್ಡರ್‌ಗಳು, ಮುಂದಿನ ಫಾರ್ವರ್ಡ್‌ಗಳು. ಕೀಪರ್ ಲೆಕ್ಕಕ್ಕಿಲ್ಲ. ಎದುರಾಳಿಗಳು ಬೇರೆ ಬೇರೆ, ಮೊದಲ ವಾರ ಮಳೆಯೂ ಬಿಡುವು ಕೊಟ್ಟಿತ್ತು. ಆದ್ದರಿಂದ ತಕ್ಕಡಿ ಪೂರ್ತಿ ಸಮವಲ್ಲ.

ಮನಸ್ಸು ಮೊದಲಿನಿಂದಲೂ 4-3-3ರ ಮೇಲಿತ್ತು. 2019ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಲಿವರ್‌ಪೂಲ್ ತಂಡದ ಆಟ ನೋಡಿದವರಿಗೆ ಈ ಹುಚ್ಚು ಬಿಡುವುದು ಕಷ್ಟ. ಎದುರಾಳಿಯ ಕಾಲಿಗೆ ಚೆಂಡು ಸಿಕ್ಕಿದ ಕೂಡಲೇ ಮೂವರು ಮೇಲೆ ಬೀಳುವುದು, ಬದಿಯ ಬ್ಯಾಕ್‌ಗಳು ಬದಿಯ ಫಾರ್ವರ್ಡ್‌ಗಳಾದ ವಿಂಗರ್‌ಗಳಂತೆ ಮುಂದೆ ಓಡುವುದು. ಕಾಲೇಜು ಹುಡುಗರ ಎದುರು ಮೊದಲ 20 ನಿಮಿಷ ನಾವೂ ಹಾಗೆಯೇ ಆಡಿದೆವು, ಎರಡು ಗೋಲು ಹೊಡೆದೆವು. ನಾನು ಗೆರೆಯಾಚೆ ನಿಂತು ಬೀಗಿದೆ. ಆದರೆ ಲಿವರ್‌ಪೂಲಿನ ಬ್ಯಾಕ್‌ಗಳು ಮುಂದೆ ಹೋದಾಗ ಹಿಂದೆ ಖಾಲಿಬಿದ್ದ ಜಾಗವನ್ನು ಕಾಯಲು ಮಿಡ್‌ಫೀಲ್ಡರ್ ಫ್ಯಾಬಿನ್ಯೋ ಇದ್ದ. ನಮ್ಮಲ್ಲಿ ಆ ಜಾಗ ಕಾಯುವವರು 38 ವರ್ಷದ ಬ್ಯಾಂಕ್ ನೌಕರರು, ತಿಂಗಳ ಕೊನೆಯ ವಾರ ಅಭ್ಯಾಸಕ್ಕೇ ಬರುವುದಿಲ್ಲ. ದ್ವಿತೀಯಾರ್ಧದ ನಡುವೆ ನಮ್ಮ ವಿಂಗರ್‌ಗಳಿಬ್ಬರೂ ಮೊಣಕಾಲ ಮೇಲೆ ಕೈಯೂರಿ ನಿಂತುಬಿಟ್ಟರು. ಎರಡೂ ಗೋಲು ನಮ್ಮ ಎಡಬದಿಯಿಂದಲೇ ವಾಪಸ್ ಬಂದವು. ಪಂದ್ಯ ಮುಗಿದ ಮೇಲೆ ಲೆಫ್ಟ್ ಬ್ಯಾಕ್ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಅಣ್ಣ, ಎದುರಿಗೆ ಇಬ್ಬರು, ನನ್ನ ಜೊತೆ ಯಾರೂ ಇಲ್ಲ. ನಾನು ಯಾರನ್ನು ಹಿಡಿಯಲಿ?”

ಎರಡನೆಯ ವಾರ 3-5-2. ಇದಕ್ಕೆ ಕುಮ್ಮಕ್ಕು 2014ರ ವಿಶ್ವಕಪ್. 4-3-3ನ್ನೇ ಉಸಿರಾಡುವ ನೆದರ್ಲೆಂಡ್ಸ್ ತಂಡವನ್ನು ಕೋಚ್ ವಾನ್ ಹಾಲ್ ಬ್ರೆಜಿಲ್‌ಗೆ ಕರೆದೊಯ್ದು, ಹಿಂದೆ ಗೋಲಿನೆದುರು ತಡೆದು ನಿಲ್ಲುವ ಮೂವರು ಸ್ಟಾಪರ್‌ಗಳನ್ನು ನಿಲ್ಲಿಸಿ, ಸ್ಪೇನ್ ವಿರುದ್ಧ 5-1ರಿಂದ ಗೆಲ್ಲಿಸಿದ್ದರು. ಈ ವ್ಯೂಹದ ಜೀವ ಇರುವುದು ಬದಿಯ ಗೆರೆಯುದ್ದಕ್ಕೂ ಓಡುವ ಇಬ್ಬರ ಶ್ವಾಸಕೋಶದಲ್ಲಿ. ಚೆಂಡು ನಮ್ಮದಾದರೆ ಅವರು ವಿಂಗರ್, ಹೋದರೆ ಬ್ಯಾಕ್. ಎಡಕ್ಕೆ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಹುಡುಗನಿದ್ದಾನೆ, ಅವನಿಗೆ ದಣಿವೆಂಬುದೇ ಇಲ್ಲ. ಬಲಕ್ಕೆ ಅಂಥವನು ನಮ್ಮಲ್ಲಿಲ್ಲ. ಅಲ್ಲಿಗೆ ಅರ್ಧ ಲೆಕ್ಕ ಮುಗಿಯಿತು.

ಇನ್ನರ್ಧವನ್ನು ಮಳೆ ಮುಗಿಸಿತು. ಬೆಳಿಗ್ಗೆಯಿಂದ ಸುರಿದಿತ್ತು. 0-1ರಿಂದ ಸೋತೆವು, ಆ ಒಂದು ಗೋಲು ನನ್ನ ಕಣ್ಣೆದುರೇ ಆಯಿತು. ಉದ್ದಕ್ಕೆ ಬಂದ ಚೆಂಡು ನಮ್ಮ ಮಧ್ಯದ ಸ್ಟಾಪರ್ ಮತ್ತು ಬಲಗಡೆಯ ಸ್ಟಾಪರ್ ನಡುವೆ ಬಿತ್ತು. ಪುಟಿಯಲಿಲ್ಲ. ಕೆಂಪು ನೀರಿನ ಹೊಂಡದಲ್ಲಿ ಪಚ್ಚನೆ ಕೂತುಬಿಟ್ಟಿತು. “ನಿನ್ನದು!” ಎಂದ ಒಬ್ಬ. “ನಿನ್ನದು!” ಎಂದ ಇನ್ನೊಬ್ಬ. ಅವರ ಫಾರ್ವರ್ಡ್ ಓಡಲೂ ಇಲ್ಲ, ನಡೆದು ಬಂದು ಪಾದದಿಂದ ತಳ್ಳಿ ಹೋದ.

ಆದರೂ 3-5-2 ನನಗೆ ಒಂದು ಉಪಕಾರ ಮಾಡಿತು. ಎಲ್ಲರೂ ಹೋದ ಮೇಲೆ ಕೊಡೆ ಹಿಡಿದು ಮೈದಾನದ ಉದ್ದಗಲ ನಡೆದೆ. ಭಾನುವಾರದ ಪಂದ್ಯವೂ ಇಲ್ಲಿಯೇ. ನಡುವಿನ ವೃತ್ತದಿಂದ ಎರಡೂ ಗೋಲ್‌ಗಳ ಬಾಯಿಯವರೆಗೆ ಕಂಬಳಕ್ಕೆ ಉತ್ತ ಗದ್ದೆ. ಗೆರೆಯ ಪಕ್ಕದ ಎಂಟು ಹತ್ತು ಹೆಜ್ಜೆಯಲ್ಲಿ ಮಾತ್ರ ಹುಲ್ಲು, ಕೆಳಗೆ ಗಟ್ಟಿ ನೆಲ. ಚೆಂಡು ಉರುಳುವುದು ಅಲ್ಲಿ ಮಾತ್ರ. ನಾನೋ ಮೂವರು ಒಳ್ಳೆಯ ಮಿಡ್‌ಫೀಲ್ಡರ್‌ಗಳನ್ನು ಗದ್ದೆಯ ನಟ್ಟನಡುವೆ ಹೂತು, ಹುಲ್ಲಿರುವ ಕಡೆ ಒಬ್ಬೊಬ್ಬನನ್ನೇ ಬಿಟ್ಟಿದ್ದೆ.

ಹೀಗೆ 4-4-2 ಬಂತು, ಮನಸ್ಸಿಲ್ಲದ ಮನಸ್ಸಿನಿಂದ. ನಾವು ಆಡುತ್ತಿದ್ದ ಕಾಲದಲ್ಲಿ ನಮ್ಮ ಕೋಚ್ ನಾಲ್ವರು ಬ್ಯಾಕ್‌ಗಳ ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿ ಎಡಕ್ಕೆ ಬಲಕ್ಕೆ ಓಡಿಸುತ್ತಿದ್ದರು. ಒಬ್ಬ ತಪ್ಪಿದರೆ ನಾಲ್ವರೂ ಬೀಳುತ್ತಿದ್ದೆವು. ಆ ವ್ಯೂಹದ ಹೆಸರು ಕೇಳಿದರೆ ಇವತ್ತಿಗೂ ನನ್ನ ಸೊಂಟ ಉರಿಯುತ್ತದೆ. ಹಳೆಯ ಕಾಲದ್ದು ಎಂದು ಮೂಗು ಮುರಿಯುತ್ತಿದ್ದವನು ನಾನೇ, 2016ರಲ್ಲಿ ಲೆಸ್ಟರ್ ಸಿಟಿ ಇದೇ ವ್ಯೂಹದಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಮೇಲೂ.

ಕೆಸರಿನಲ್ಲಿ ಇದರ ಗುಣ ಕಂಡಿತು. ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ಹುಲ್ಲಿನ ಮೇಲೆ ಜೋಡಿಯಾಗಿ ಆಡಬಹುದು. ಲೆಫ್ಟ್ ಬ್ಯಾಕ್‌ನ ಪ್ರಶ್ನೆಗೂ ಉತ್ತರ ಸಿಕ್ಕಿತು, ದಕ್ಕೆಯ ಹುಡುಗ ಅವನ ಮುಂದೆಯೇ ಇರುತ್ತಾನೆ. ಈ ವ್ಯೂಹದ ದೊಡ್ಡ ದೋಷವೆಂದರೆ ನಡುವೆ ನಮ್ಮ ಇಬ್ಬರ ಎದುರು ಅವರ ಮೂವರು ಬೀಳುವುದು. ಒಣ ನೆಲದಲ್ಲಿ ಅದು ಪ್ರಾಣ ಹಿಂಡುತ್ತದೆ. ಗದ್ದೆಯಲ್ಲಿ ಮೂವರಿದ್ದರೂ ಪಾಸ್ ಉರುಳಬೇಕಲ್ಲ! ನಮ್ಮ ಎತ್ತರದ ಫಾರ್ವರ್ಡ್ ಉದ್ದದ ಚೆಂಡಿಗೆ ತಲೆ ಕೊಡುತ್ತಾನೆ, ಇನ್ನೊಬ್ಬ ಸುತ್ತಮುತ್ತ ಸುಳಿದಾಡುತ್ತ ಬಿದ್ದದ್ದನ್ನು ಹೆಕ್ಕುತ್ತಾನೆ. ಮೂರನೆಯ ಭಾನುವಾರ 2-1ರಿಂದ ಗೆದ್ದೆವು. ಚಂದವಾಗಿರಲಿಲ್ಲ. ಅವರ ಆಟಗಾರನೊಬ್ಬ ನಮ್ಮ ಎರಡು ಸಾಲುಗಳ ನಡುವೆ ಬಂದು ನಿಂತು ಎರಡು ಸಲ ಗೋಲಿಗೆ ಗುರಿಯಿಟ್ಟ, ಒಂದು ಒಳಗೆ ಹೋಯಿತು. ಹಾಗಾದಾಗ ಹೆಕ್ಕುವ ಫಾರ್ವರ್ಡ್ ಕೆಳಗಿಳಿದು ಅವನಿಗೆ ಅಂಟಿಕೊಳ್ಳಬೇಕು ಎಂದು ಬುಧವಾರ ಹೇಳಿಕೊಟ್ಟಿದ್ದೇನೆ. ಅವನಿಗೆ ಅದು ಇಷ್ಟವಿಲ್ಲ.

ಬುಧವಾರದ ಉಳಿದ ಸಮಯವೆಲ್ಲ ಕಾರ್ನರ್‌ಗೆ, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವುದಕ್ಕೆ, ಹೋಯಿತು. 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಗೋವಾ ಎರಡು ಗಂಟೆ ಹತ್ತಿರ ಹತ್ತಿರ ಜಗ್ಗಾಡಿದ ಮೇಲೆ, 117ನೇ ನಿಮಿಷದಲ್ಲಿ ಒಂದು ಕಾರ್ನರ್‌ಗೆ ಬೆಂಗಳೂರಿನ ರಾಹುಲ್ ಭೆಕೆ ತಲೆ ಕೊಟ್ಟದ್ದೇ ಕಪ್ ತಂದಿತು. ಒದ್ದೆ ಚೆಂಡನ್ನು ಕೀಪರ್ ಹಿಡಿಯಲಾರ, ಗುದ್ದುತ್ತಾನೆ. ಗುದ್ದಿದ್ದು ಬೀಳುವ ಜಾಗದಲ್ಲಿ ಒಬ್ಬನನ್ನು ನಿಲ್ಲಿಸುತ್ತೇನೆ.

ವ್ಯೂಹಕ್ಕಿಂತ ಹೆಚ್ಚು ನಿದ್ದೆ ಕೆಡಿಸಿದ್ದು ಕೆಂಪು ಕಾಯಿ. ನಮಗೆ ಇಬ್ಬರು ಕೀಪರ್‌ಗಳು. ಒಬ್ಬ ಆರಡಿ ಎತ್ತರ, ಮೇಲಿನಿಂದ ಬರುವ ಚೆಂಡಿಗೆ ಅವನೇ ಸರಿ. ಇನ್ನೊಬ್ಬ ಗಿಡ್ಡ, ಆದರೆ ಹೊಡೆಯುವವನ ಸೊಂಟ ನೋಡಿ ದಿಕ್ಕು ಹೇಳುತ್ತಾನೆ. ಇಬ್ಬರಿಗೂ 20 ಪೆನಾಲ್ಟಿ ಹೊಡೆಸಿದೆ: ಎತ್ತರದವನು 3 ತಡೆದ, ಗಿಡ್ಡ 7. ವಾನ್ ಹಾಲ್ 2014ರಲ್ಲಿ ಕೋಸ್ಟರಿಕಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯಲ್ಲಿ ಕೀಪರ್ ಸಿಲೆಸ್ಸನ್‌ನನ್ನು ತೆಗೆದು ಟಿಮ್ ಕ್ರುಲ್‌ನನ್ನು ಇಳಿಸಿದರು, ಅವನು ಎರಡು ಪೆನಾಲ್ಟಿ ತಡೆದು ಗೆಲ್ಲಿಸಿದ. ಅದನ್ನೇ ಮಾಡೋಣ ಎಂದುಕೊಂಡಿದ್ದೇನೆ. ಇದಕ್ಕಾಗಿ ಒಂದು ಬದಲಾವಣೆಯನ್ನು ಕೊನೆಯವರೆಗೆ ಕೈಯಲ್ಲಿಟ್ಟುಕೊಳ್ಳಬೇಕು. ಎತ್ತರದವನಿಗೆ ವಿಷಯ ಹೇಳಿದಾಗ ಅವನು ಕೈಗವಸಿನ ಪಟ್ಟಿಯನ್ನು ಬಿಚ್ಚಿ, ಮತ್ತೆ ಅಂಟಿಸಿ, ಮತ್ತೆ ಬಿಚ್ಚಿದ. “ಮೊದಲೇ ಹೇಳಿದಿರಲ್ಲ, ಅಷ್ಟು ಸಾಕು ಅಣ್ಣ” ಎಂದ. ಸಾಕಾಗಿಲ್ಲ ಎಂದು ಮುಖ ಹೇಳುತ್ತಿತ್ತು. ಸಿಲೆಸ್ಸನ್‌ಗೆ ಮೊದಲೇ ಹೇಳಿರಲಿಲ್ಲವಂತೆ. ಅವನು ಮೈದಾನದಿಂದ ಹೊರಬರುವಾಗ ಸಿಟ್ಟಿನಿಂದ ಬಾಟಲಿ ಒದ್ದದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ದೇ.

ಪಟ್ಟಿಯಲ್ಲಿ ಹತ್ತು ಹೆಸರು ಪೆನ್ನಿನಲ್ಲಿ ಬರೆದಾಗಿದೆ. ಬಲಗಡೆಯ ಮಿಡ್‌ಫೀಲ್ಡರ್ ಮಾತ್ರ ಪೆನ್ಸಿಲ್‌ನಲ್ಲಿದ್ದಾನೆ: ಓಡುವ ಹುಡುಗನೋ, ಜಾಗ ಬಿಡದ ಬ್ಯಾಂಕ್ ನೌಕರರೋ. ಮಳೆ ನಿಂತರೆ ಹುಡುಗ, ಸುರಿದರೆ ಬ್ಯಾಂಕಿನವರು. ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ, ಬಲಬದಿಯ ಹುಲ್ಲಿಗೆ ಹಿಮ್ಮಡಿ ಊರಿ ನೋಡಿ ಆ ಹೆಸರು ಬರೆಯುತ್ತೇನೆ.