ಕಾಳಿ ನದಿಯೋ, ಕಪ್ಪತಗುಡ್ಡವೋ?

ಎರಡು ದಿನ ರಜೆ ಸಿಕ್ಕರೆ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಬರುವ ಮೊದಲ ಹೆಸರು ದಾಂಡೇಲಿ. ಈ ಸಲ ಕಾಕಾ ತಡೆದರು. "ಗುಡ್ಡ ನೋಡಾಕ ಅಷ್ಟ್ ದೂರ ಯಾಕ? ನಮ್ಮ ಕಪ್ಪತಗುಡ್ಡ ಇಲ್ಲೇನು?" ಹಾಗಾಗಿ ಸೆಪ್ಟೆಂಬರಿನಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡ, ಜನವರಿಯಲ್ಲಿ ದಾಂಡೇಲಿ ಕಡೆಯ ಕಾಳಿ ನದಿ, ಎರಡೂ ನೋಡಿ ಬಂದೆವು.

ನೀರಿನ ಆಟ ಬೇಕಿದ್ದರೆ ಕಾಳಿಗೆ ಸಾಟಿಯಿಲ್ಲ. ಗಣೇಶಗುಡಿಯಲ್ಲಿ ರಾಫ್ಟ್ ಹತ್ತಿದೆವು. ಮೊದಲ ಇಳಿಜಾರಿಗೇ ನೀರು ಮುಖಕ್ಕೆ ಹೊಡೆಯಿತು, ಹತ್ತು ವರ್ಷದ ಮಗಳು ಕಿರುಚಿದ್ದೇ ಕಿರುಚಿದ್ದು. ಆದರೆ ಒಂದು ಮಾತು ನೆನಪಿಡಿ. ಇಲ್ಲಿ ನದಿಯ ರಭಸ ಮಳೆಗಿಂತ ಜಾಸ್ತಿ ಸೂಪಾ ಅಣೆಕಟ್ಟೆಯನ್ನು ನಂಬಿದೆ. ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗ ಮಾತ್ರ ಅಲೆ ಏಳುತ್ತದೆ. ಹಿಂದೊಮ್ಮೆ ನಾವು ಬುಕ್ ಮಾಡಿದ್ದು ಉದ್ದದ ರಾಫ್ಟಿಂಗ್, ಕೊಟ್ಟಿದ್ದು ನಿಂತ ನೀರಿನಲ್ಲಿ ಅರ್ಧ ಗಂಟೆ. ದುಡ್ಡು ಕೊಡುವ ಮೊದಲೇ ಎಲ್ಲಿಂದ ಎಲ್ಲಿಗೆ, ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿಬಿಡಿ. ಮಳೆಗಾಲದಲ್ಲಿ ಸಾಮಾನ್ಯವಾಗಿ ರಾಫ್ಟಿಂಗ್ ಇರುವುದಿಲ್ಲ.

ಎರಡನೇ ದಿನ ಜೋಯಿಡಾ ಮೇಲೆ ಉಳವಿಗೆ ಹೋದೆವು. ಚನ್ನಬಸವಣ್ಣನವರ ಸಮಾಧಿ ಇರುವುದು ಅಲ್ಲೇ. ಧಾರವಾಡ, ಬೆಳಗಾವಿ ಕಡೆಯ ರೈತರು ಇವತ್ತಿಗೂ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಈ ಕಾಡು ದಾಟಿ ಬರುತ್ತಾರೆ. ನಮ್ಮ ಅಜ್ಜ ಬಂದದ್ದೂ ಹಾಗೇ. ಕಾರಿನಲ್ಲಿ ಕೂತು ಆ ತಿರುವು, ಏರು ನೋಡುವಾಗ ಆ ಎತ್ತುಗಳೇ ಕಣ್ಣ ಮುಂದೆ ಬಂದವು. ದಾಂಡೇಲಿಗೆ ಹೋಗಿ ಬರೀ ರೆಸಾರ್ಟ್ ನೋಡಿ ಬರುವವರು ಇದನ್ನು ಬಿಡಬಾರದು.

ಕಪ್ಪತಗುಡ್ಡದ ರುಚಿಯೇ ಬೇರೆ. ಗದಗದಿಂದ ಡಂಬಳ ಸುಮಾರು 20 ಕಿ.ಮೀ. ಅಲ್ಲಿ ಮೊದಲು ದೊಡ್ಡಬಸಪ್ಪ ಗುಡಿ ನೋಡಿ. ಚಾಲುಕ್ಯರ ಕಾಲದ್ದು, ನಕ್ಷತ್ರದ ಆಕಾರ. ಗೋಡೆಯ ಮೂಲೆಗಳನ್ನು ಎಣಿಸುತ್ತಾ ಸುತ್ತಿದ ಮಗಳಿಗೆ ಎರಡು ಸಲ ಲೆಕ್ಕ ತಪ್ಪಿತು. ಆಮೇಲೆ ಡೋಣಿ ದಾಟಿ ಗುಡ್ಡ. ದೊಡ್ಡ ಮರ ಕಡಿಮೆ, ಹುಲ್ಲು, ಕುರುಚಲು ಗಿಡಗಳೇ ಜಾಸ್ತಿ. ಮಳೆ ಬಿದ್ದ ಮೇಲೆ ಎಲ್ಲಾ ಹಸಿರು, ನಡುವೆ ಕೆಂಪು ಮಣ್ಣು. ಗುಡ್ಡದ ಮೇಲಿನ ಗಾಳಿಗುಂಡಿ ಹತ್ತಿರ ನಿಂತರೆ ಟೋಪಿ ತಲೆ ಮೇಲೆ ನಿಲ್ಲುವುದಿಲ್ಲ. ಮಲ್ಲಯ್ಯನ ಗುಡಿಯ ಹತ್ತಿರ ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು. ಸುತ್ತ ಬೇರೆ ಸದ್ದೇ ಇರಲಿಲ್ಲ.

ಇಲ್ಲಿ ಹೋಟೆಲ್ ಇಲ್ಲ, ನೆರಳೂ ಕಡಿಮೆ. ಮಾರ್ಚ್ ಆದ ಮೇಲೆ ಬಿಸಿಲು ಸುಡುತ್ತದೆ. ನೀರು ನೀವೇ ಹೊತ್ತುಕೊಂಡು ಹೋಗಬೇಕು. ಇನ್ನೊಂದು ಕೇಳಿಕೊಳ್ಳುತ್ತೇನೆ. ಇದು ಔಷಧಿ ಗಿಡಗಳ ಗುಡ್ಡ. ಗಣಿಗಾರಿಕೆಯಿಂದ ಇದನ್ನು ಉಳಿಸಲು ಗದಗದ ಜನ ವರ್ಷಗಟ್ಟಲೆ ಹೋರಾಡಿದ್ದಾರೆ, 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಒಂದು ಗಿಡವನ್ನೂ ಕೀಳಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ಮಕ್ಕಳಿಗೆ ಮೊದಲ ಸಲ ಸಾಹಸ ತೋರಿಸಬೇಕಾ? ಚಳಿಗಾಲದಲ್ಲಿ ಕಾಳಿಗೆ ಹೋಗಿ. ಒಂದೇ ದಿನ ಇದೆಯಾ, ಖರ್ಚೂ ಕಡಿಮೆ ಆಗಬೇಕಾ? ಶ್ರಾವಣ ಮುಗಿದ ಮೇಲೆ ಕಪ್ಪತಗುಡ್ಡ. ನನಗೆ ಒಂದನ್ನೇ ಆರಿಸು ಅಂದರೆ ಕಪ್ಪತಗುಡ್ಡವೇ ಸೈ. ಮುಂದಿನ ಸಲ ಬೆಳಕು ಹರಿಯುವ ಮೊದಲೇ ಗಾಳಿಗುಂಡಿಯಲ್ಲಿ ಇರಬೇಕು ಅಂತ ಕಾಕಾ ಈಗಲೇ ಹೇಳಿಟ್ಟಿದ್ದಾರೆ.